ನಮ್ಮ ಮನೆಯೇ ವೆನ್ಯೂ ಅಂತೆ

ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಕೈಲಿ ಇಂಥದ್ದನ್ನೂ ಬರೆಸುತ್ತಾರಲ್ಲ ಸ್ನೇಹಿತರೇ, ಅದಕ್ಕೇ ಸಿಟ್ಟು. ಬೆಳಗ್ಗೆ ಒಂಟಿಕೊಪ್ಪಲಿನ ನಮ್ಮ ಮನೆ ಗೇಟಿಗೆ ಯಾರೋ ತಿಥಿ ಕಾರ್ಡು ಸಿಕ್ಕಿಸಿ ಹೋಗಿದ್ದಾರೆ. ತೀರಿಕೊಂಡವರ ಹೆಸರಿನ ಜಾಗ ಖಾಲಿ. ಕೆಳಗೊಂದು ಇಂಗ್ಲಿಷ್ ಪದ, ಅದರ ಮುಂದೆ ನಮ್ಮ ಮನೆ ನಂಬರು.

ಸೊಸೆಯನ್ನು ಕೇಳಿದೆ.

“ವೆನ್ಯೂ ಅಂತಿದೆ ಮಾವ. ಕಾರ್ಯ ನಡೆಯೋ ಜಾಗ.”

“ಅದು ಮದುವೆ ಛತ್ರಕ್ಕೆ ಹಾಕೋದಲ್ವೇನಮ್ಮ?”

“ಎಲ್ಲದಕ್ಕೂ ಹಾಕ್ತಾರೆ ಮಾವ.”

ಹನ್ನೊಂದನೇ ದಿನದ ಕಾರ್ಯ ಇಪ್ಪತ್ತನಾಲ್ಕಕ್ಕಂತೆ. ನನ್ನ ಹೆಂಡತಿ ಬೆರಳು ಮಡಿಸಿ ಹಿಂದಕ್ಕೆ ಎಣಿಸಿದಳು. “ಸಾವು ಇವತ್ತಿಗೇ ಬತ್ತದೆ ಕಣ್ರೀ,” ಅಂದಳು.

ಮನೆಯಲ್ಲಿರುವುದು ನಾವು ಮೂವರೇ. ಆಗಿನಿಂದ ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿದ್ದೇವೆ. ಊಟಕ್ಕೂ ಯಾರೂ ಎದ್ದಿಲ್ಲ.

ಕಾರ್ಡು ಹಾಕಿಸಿದವರು ಯಾರು, ಯಾರ ಹೆಸರಿಗೆ? ನಾಳೆ ಹೇಳಿ ಪ್ರಯೋಜನವಿಲ್ಲ. ಇವತ್ತು ಹದಿನಾಲ್ಕನೇ ತಾರೀಕು, ಸಂಜೆ ಆರರೊಳಗೆ ಉತ್ತರ ಬೇಕು.