ಮರದ ಯುದ್ಧವಿಮಾನಕ್ಕೊಂದು ಅಡಿಟಿಪ್ಪಣಿ

೨೦೧೭ನೆಯ ಇಸವಿ, ಆಗ ನನಗೆ ನಲವತ್ತೊಂಬತ್ತು ವರ್ಷ. ತಿ. ನರಸೀಪುರದ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಪಾಠ ಹೇಳಿ, ಸ್ವಂತ ಇಚ್ಛೆಯಿಂದ ನಿವೃತ್ತನಾಗಿ, ಕೆಂಪು ಶಾಯಿಯ ಲೇಖನಿಯನ್ನು ಮಾತ್ರ ಬಿಟ್ಟುಕೊಡದೆ ಮನೆಗೆ ಬಂದಿದ್ದೆ. ಅದಕ್ಕೆ ಕೆಲಸ ಬೇಗನೆ ದೊರೆಯಿತು. ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ ನನ್ನ ಹೆಂಡತಿಯ ತವರು. ಅಲ್ಲಿಯ ಕೆಲವರು ಊರಿನ ಹಿರಿಯರಿಂದ ಒಂದೊಂದು ಪುಟದ ನೆನಪು ಬರೆಸಿ ಪುಸ್ತಕ ತರಲು ಹೊರಟು, ನನ್ನನ್ನು ಸಂಪಾದಕನನ್ನಾಗಿ ಗೊತ್ತುಮಾಡಿದರು. ಮೊಟ್ಟಮೊದಲು ಪುಟ ಕಳಿಸಿದವರು ನನ್ನ ಮಾವನೇ.

ಮಾವನಿಗೆ ಆಗ ಎಂಬತ್ತೆರಡು. ಬಡಗಿ. ಹರೆಯದಲ್ಲಿ ನಾಲ್ಕು ವರ್ಷ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ದುಡಿದು, ಅಲ್ಲಿ ಮರದ ಕೆಲಸ ಮುಗಿದ ಮೇಲೆ ಊರಿಗೆ ಮರಳಿ ಬಾಗಿಲು, ಕಿಟಕಿ, ನೇಗಿಲು ಮಾಡಿಕೊಂಡಿದ್ದವರು. ಅವರ ಪುಟದಲ್ಲಿ ಹನ್ನೊಂದು ವಾಕ್ಯಗಳಿದ್ದವು. ಹತ್ತನ್ನು ತಿದ್ದಿದೆ, ಏಳನೆಯದನ್ನು ಪೂರ್ತಿ ಹೊಡೆದುಹಾಕಿದೆ. ಅದು ಹೀಗಿತ್ತು: ‘ನಮ್ಮ ದೇಶದ ಮೊದಲನೆಯ ಜೆಟ್ ಯುದ್ಧವಿಮಾನವನ್ನು ನಾವು ಮರದಲ್ಲಿ ಮಾಡಿದೆವು, ಅದು ಇಂಜಿನ್ ಇಲ್ಲದೆ ಹಾರಿತು.’ ಎರಡು ಅಸಂಭವಗಳನ್ನು ಒಂದು ಅಲ್ಪವಿರಾಮದಿಂದ ಜೋಡಿಸಿದ್ದರು. ಅಲ್ಪವಿರಾಮ ಸರಿಯಾದ ಜಾಗದಲ್ಲಿತ್ತೆಂಬುದನ್ನು ಒಪ್ಪಲೇಬೇಕು. ಅಂಚಿನಲ್ಲಿ ‘ಪುರಾವೆ?’ ಎಂದು ಬರೆದು ಪುಟವನ್ನು ಹಿಂದಿರುಗಿಸಿದೆ.

ಮುಂದಿನ ವಾರ ಹೆಂಡತಿಯೊಡನೆ ಹುಲ್ಲಹಳ್ಳಿಗೆ ಹೋದಾಗ ಮಾವ ಜಗಲಿಯ ಮೇಲೆ ಉಳಿ ಮಸೆಯುತ್ತಿದ್ದರು.

‘ಯಾಕ್ ಅಳಿಯಂದ್ರೇ, ಮರ ಆಕಾಸ್ಕೆ ಆರಾಕಿಲ್ವಾ?’

‘ಹಾಗಲ್ಲ ಮಾವ. ಜೆಟ್ ಅಂದಮೇಲೆ ಇಂಜಿನ್ ಇರಲೇಬೇಕಲ್ಲ. ಓದಿದವರು ನಕ್ಕರೆ?’

‘ನಗೋದೇನ್ ಹೊಸ್ದಾ? ನಾನು ವಾಪಸ್ ಬಂದಾಗ್ಲಿಂದ ಊರೇ ನಗ್ತಾ ಅದೆ. ಆ ಮಾತು ಇದ್ರೆ ಪುಟ ಇರ್ಲಿ. ಇಲ್ದಿದ್ರೆ ಇಡೀ ಪುಟ ವಾಪಸ್ ಕೊಟ್ಬುಡಿ. ಬಾಗ್ಲು ಮಾಡ್ದೆ ಅಂತ ಯೋಳಕೆ ಪುಸ್ತಕ ಯಾಕೆ? ಬಾಗ್ಲುಗಳೇ ಅವೆ.’

ಊರು ನಗುತ್ತಿತ್ತೆಂಬುದು ನಿಜ. ಅವರ ಅಡ್ಡಹೆಸರು ‘ಏರೋಪ್ಲೇನ್ ಆಚಾರಿ’. ನಂಜನಗೂಡಿನ ಬಸ್ಸಿಗೆ ಅವರು ಕಾಯುತ್ತ ನಿಂತಾಗಲೆಲ್ಲ ಬಸ್ ಸ್ಟ್ಯಾಂಡಿನ ಟೀ ಅಂಗಡಿಯವನು ಕೂಗುತ್ತಿದ್ದ: ‘ಬಸ್ ಯಾಕ್ ಆಚಾರ್ರೇ, ಒಂದ್ ಪ್ಲೇನ್ ಕೆತ್ಕಂಡು ಓಗಬಾರ್ದಾ?’ ಮಾವ ಒಮ್ಮೆಯೂ ಉತ್ತರ ಕೊಟ್ಟವರಲ್ಲ. ಈಗ ಒಂದೇ ಒಂದು ವಾಕ್ಯದಲ್ಲಿ ಕೊಡಲು ಹೊರಟಿದ್ದರು. ಆ ವಾಕ್ಯವನ್ನೇ ನಾನು ಹೊಡೆದುಹಾಕಿದ್ದೆ.

ಹಿಂದಿರುಗುವಾಗ ಹೆಂಡತಿ ಬಸ್ಸಿನ ಕಿಟಕಿಯತ್ತಲೇ ಮುಖ ಮಾಡಿ, ‘ನಿಮ್ಮ ಕೆಂಪಿಂಕಿಗೆ ನಮ್ಮಪ್ಪನೇ ಬೇಕಿತ್ತಾ?’ ಎಂದಳು. ಪ್ರಶ್ನೆ ಸ್ಪಷ್ಟವಾಗಿತ್ತು. ಉತ್ತರವನ್ನು ಪುಸ್ತಕದಲ್ಲೇ ಹುಡುಕುವುದು ನನ್ನ ಅಭ್ಯಾಸ.

ಆದ್ದರಿಂದ ಮೈಸೂರಿನ ಗ್ರಂಥಾಲಯವೊಂದರಲ್ಲಿ ಮೂರು ದಿನ ಕುಳಿತು, ಇಪ್ಪತ್ತನೆಯ ಶತಮಾನದ ಯುದ್ಧವಿಮಾನಗಳನ್ನು ಕುರಿತ ದಪ್ಪ ಪುಸ್ತಕವೊಂದನ್ನು ಓದಿದೆ. ‘ಅಸಂಭವ’ ಎಂಬ ಪದದಲ್ಲಿ ನನಗಿದ್ದ ವಿಶ್ವಾಸ ಮೊದಲ ದಿನವೇ ಅರ್ಧಕ್ಕಿಳಿಯಿತು. ರೆಕ್ಕೆಗಳನ್ನು ಹಿಂದುಮುಂದಾಗಿ ಜೋಡಿಸಿದಂತೆ ಕಾಣುವ ವಿಮಾನ. ಬಾಲದ ಮೇಲೆ ನಿಂತು ನೆಟ್ಟಗೆ ಮೇಲೇಳುವ ವಿಮಾನ. ದೋಸೆಯಂತೆ ದುಂಡಗಿರುವ ವಿಮಾನ. ದೊಡ್ಡ ಬಾಂಬರಿನ ಹೊಟ್ಟೆಯೊಳಗೆ ಪ್ರಯಾಣ ಮಾಡಲೆಂದೇ ರಚಿಸಿದ ಮರಿವಿಮಾನ. ಇವೆಲ್ಲ ದೊಡ್ಡ ದೊಡ್ಡ ದೇಶಗಳು ಗಂಭೀರವಾಗಿ ಯೋಚಿಸಿ, ಕಟ್ಟಿ, ಹಾರಿಸಿದ್ದವು. ಯಾರೂ ಅಂಚಿನಲ್ಲಿ ‘ಪುರಾವೆ?’ ಎಂದು ಬರೆದಿರಲಿಲ್ಲ. ಮೂರನೆಯ ದಿನ, ಬೆಂಗಳೂರಿನ ಕಾರ್ಖಾನೆಯಲ್ಲಿ ತಯಾರಾದ ನಮ್ಮ ದೇಶದ ಮೊದಲ ಜೆಟ್ ಯುದ್ಧವಿಮಾನ ‘ಮಾರುತ್’ ಸಿಕ್ಕಿತು. ಲೋಹದ ವಿಮಾನ ಕಟ್ಟುವ ಮೊದಲು ಅದೇ ಅಳತೆಯ ಗ್ಲೈಡರೊಂದನ್ನು ಮರದಲ್ಲಿ ಮಾಡಿ, ಇನ್ನೊಂದು ವಿಮಾನದಿಂದ ಎಳೆಸಿ, ಆಕಾಶದಲ್ಲಿ ಬಿಟ್ಟು ಪರೀಕ್ಷಿಸಿದ್ದರಂತೆ. ಅದಕ್ಕೆ ಇಂಜಿನ್ ಇರಲಿಲ್ಲ.

ಬೇರೆ ಅಳಿಯನಾಗಿದ್ದರೆ ಅಂದೇ ಹೋಗಿ ಕಾಲಿಗೆ ಬೀಳುತ್ತಿದ್ದ. ನಾನು ಕ್ರಮವಾಗಿ ಯೋಚಿಸಿದೆ. ಮರದ ವಿಮಾನವಿತ್ತೆಂಬುದು ಸಿದ್ಧವಾಯಿತು. ಅದನ್ನು ಮಾಡಿದವರಲ್ಲಿ ಮಾವನೂ ಒಬ್ಬರೆಂಬುದು ಸಿದ್ಧವಾಗಲಿಲ್ಲ. ಪುಸ್ತಕದಲ್ಲಿದ್ದ ಅದರ ನಕ್ಷೆಯನ್ನು ಜೆರಾಕ್ಸ್ ಮಾಡಿಸಿ, ಮಾವನ ನೆನಪನ್ನು ಅದಕ್ಕೆ ತಾಳೆ ನೋಡಲೆಂದು ಹೊಸದೊಂದು ಅಳತೆ ಟೇಪನ್ನು ಕೊಂಡು ಹುಲ್ಲಹಳ್ಳಿಯ ಬಸ್ಸು ಹತ್ತಿದೆ.

ಮಾವ ನಕ್ಷೆಯನ್ನು ಕಣ್ಣೆತ್ತಿ ನೋಡಲಿಲ್ಲ. ‘ಕಾರ್ಖಾನೇಲಿ ಮೊದ್ಲು ನೆಲದ ಮ್ಯಾಲೆ ಪೂರ್ತಿ ಅಳ್ತೇಲಿ ಗೀಚ್ತಿದ್ವಿ. ಆಮ್ಯಾಕೆ ಮರ ಮುಟ್ತಿದ್ವಿ. ಬನ್ನಿ’ ಎಂದು ಅಕ್ಕಿ ಗಿರಣಿಯ ಅಂಗಳಕ್ಕೆ ಕರೆದೊಯ್ದರು. ಭತ್ತ ಒಣಗಿಸುವ ಆ ಸಿಮೆಂಟಿನ ಅಂಗಳ ಅಂದು ಖಾಲಿಯಿತ್ತು. ಸೀಮೆಸುಣ್ಣ ಉಜ್ಜಿದ ದಾರದ ಒಂದು ತುದಿಯನ್ನು ನನಗೆ ಹಿಡಿಸಿ, ನಡುವೆ ಎತ್ತಿ ಬಿಟ್ಟರು. ಬೆಳ್ಳಗೆ ಗೆರೆ ಬಿತ್ತು. ನೇರ ಗೆರೆಗಳಿಗೆ ದಾರ. ಬಾಗುಗಳಿಗೆ, ಕಲ್ಲುಗಳ ನಡುವೆ ಬಗ್ಗಿಸಿಟ್ಟ ಬಿದಿರಿನ ದಬ್ಬೆ. ಕುಳಿತುಕೊಂಡೇ ಜರುಗುತ್ತ ಎರಡು ಗಂಟೆ ಗೀಚಿದರು. ಚೂಪು ಮೂತಿ, ಹಿಂದಕ್ಕೆ ಬಾಗಿದ ರೆಕ್ಕೆಗಳು, ಬಾಲ. ಸುದ್ದಿ ತಿಳಿದು ಟೀ ಅಂಗಡಿಯವನೂ ಬಂದು ನಿಂತ.

‘ಇದೇನ್ ಆಚಾರ್ರೇ, ಮೀನು ಬರ್ದಿದ್ದೀರಿ?’

‘ಮೊದ್ಲು ಈಚಿಕ್ ಬಾರ್ಲಾ. ರೆಕ್ಕೆ ಮ್ಯಾಲೆ ನಿಂತಿದ್ದೀಯೆ.’

ಅವನು ಥಟ್ಟನೆ ಪಕ್ಕಕ್ಕೆ ಹಾರಿದ.

ನಾನು ಟೇಪು ಹಿಡಿದು ರೆಕ್ಕೆಯ ತುದಿಯಿಂದ ತುದಿಗೆ ಅಳೆದೆ. ‘ನಕ್ಷೆಯಲ್ಲಿರೋದಕ್ಕಿಂತ ಒಂದು ಗೇಣು ಕಡಿಮೆ ಬಂತಲ್ಲ ಮಾವ.’

‘ಅರವತ್ತು ವರ್ಸಕ್ಕೆ ಒಂದು ಗೇಣು. ಬರ್ಕಳಿ, ಬುಡಬ್ಯಾಡಿ.’

ಬರೆದುಕೊಂಡೆ. ಏಳನೆಯ ವಾಕ್ಯವನ್ನು ಪುಟಕ್ಕೆ ಮರಳಿ ಸೇರಿಸಿ, ಅದರ ಕೆಳಗೆ ಹನ್ನೆರಡು ಸಾಲಿನ ಅಡಿಟಿಪ್ಪಣಿ ರಚಿಸಿದೆ. ಗ್ರಂಥ, ಪುಟಸಂಖ್ಯೆ, ಅಂಗಳ, ಟೇಪು, ಗೇಣು, ಎಲ್ಲವೂ ಅದರಲ್ಲಿದ್ದವು. ನನ್ನ ಬಾಳಿನಲ್ಲಿ ಅಷ್ಟು ಅಚ್ಚುಕಟ್ಟಾದ ಟಿಪ್ಪಣಿಯನ್ನು ಇನ್ನೊಂದು ಬರೆದಿಲ್ಲ. ಮಾವ ಓದಿ, ‘ಕೆಳಗಿನ್ದು ತೆಗೀರಿ’ ಎಂದರು.

‘ಅದು ಪುರಾವೆ ಮಾವ!’

‘ಮಾವನ್ಗೆ ಅಳಿಯ ಸಾಕ್ಷಿ ಯೋಳಿದ್ರೆ ಯಾವೋನ್ ನಂಬಾನು? ಅಳಿಯನ ಕೈಲಿ ಬರಸ್ಕಂಡವ್ನೆ ಅಂತಾರೆ. ನನ್ ಮಾತು ಒಂದೇ ನಿಂತ್ಕಳ್ಳಿ. ಅನುಮಾನ ಬಂದೋರು ಅಂಗಳಕ್ ಬರ್ಲಿ, ಇನ್ನೊಂದ್ಸಲ ಗೀಚ್ತೀನಿ.’

ಪುರಾವೆಯಿಲ್ಲವೆಂದು ವಾಕ್ಯವನ್ನು ಹೊಡೆದವನು ಈಗ ಪುರಾವೆಯನ್ನು ಉಳಿಸಿಕೊಳ್ಳಲು ಎರಡು ವಾರ ಹೋರಾಡಿದೆ. ಮುದ್ರಕನ ಗಡುವಿನ ಹಿಂದಿನ ದಿನ, ಕೊನೆಯ ಪ್ರಯತ್ನಕ್ಕೆಂದು ಹೋದಾಗ, ಮಾವ ಬಸ್ ಸ್ಟ್ಯಾಂಡಿನಲ್ಲಿದ್ದರು. ಟೀ ಅಂಗಡಿಯವನು ಅವರ ಮುಂದೆ ಲೋಟವಿಟ್ಟು, ದನಿ ತಗ್ಗಿಸಿ ಕೇಳುತ್ತಿದ್ದ: ‘ಆಚಾರ್ರೇ, ಆ ರೆಕ್ಕೆಗೆ ಅಂಟು ಯಾವ್ದಾಕ್ತಿದ್ರಿ? ಮ್ಯಾಲೆ ಓದಾಗ ಬುಟ್ಕಳ್ಳಾಕಿಲ್ವಾ?’

ಅವನು ನಗುತ್ತಿರಲಿಲ್ಲ. ಮಾವ ಅಂಟಿನ ವಿಷಯ ಹೇಳತೊಡಗಿದರು. ನಂಜನಗೂಡಿನ ಎರಡು ಬಸ್ಸುಗಳು ಬಂದು ಹೋದವು, ಅವರು ಹತ್ತಲಿಲ್ಲ. ನಾನು ಅಲ್ಲಿಯ ಬೆಂಚಿನ ಮೇಲೆಯೇ ಕರಡು ಬಿಚ್ಚಿ, ಹನ್ನೆರಡು ಸಾಲುಗಳನ್ನೂ ಕೆಂಪು ಶಾಯಿಯಿಂದ ಹೊಡೆದುಹಾಕಿದೆ. ಅಂದು ೨೦೧೮ನೆಯ ಇಸವಿ ಮಾರ್ಚ್ ತಿಂಗಳ ಹನ್ನೊಂದನೆಯ ತಾರೀಖು, ಭಾನುವಾರ.