ಕೈಗೆ ಸಿಗುವಷ್ಟು ಎತ್ತರ

ಸಮಿತಿಗಳಲ್ಲಿ ಬಾಯಿ ಮುಚ್ಚಿಕೊಂಡು ಕೂರುವುದು ನನ್ನ ಒಂದೇ ಸದ್ಗುಣ. ಒಂದು ಸಲ ಅದನ್ನೂ ಬಿಟ್ಟುಕೊಟ್ಟೆ. ಅಷ್ಟಕ್ಕೇ ಮನೆಯ ಬಸ್ಸಾರಿಗೆ ಸಂಚಕಾರ ಬರುವುದರಲ್ಲಿತ್ತು.

ಅಮೆರಿಕದಲ್ಲಿ, ಶ್ಯಾಂಟಿಲಿಯ ಹತ್ತಿರದ ನಮ್ಮ ಕ್ಯಾಥೊಲಿಕ್ ಧರ್ಮಕೇಂದ್ರಕ್ಕೆ ಸ್ವಂತ ಚರ್ಚಿರಲಿಲ್ಲ. ಭಾನುವಾರದ ಪೂಜೆ ಶಾಲೆಯೊಂದರ ಜಿಮ್ಮಿನಲ್ಲಿ, ಬ್ಯಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ನಡೆಯುತ್ತಿತ್ತು. ಮೈಸೂರಿನಿಂದ ನಮ್ಮ ಜೊತೆ ಇರಲೆಂದು ಬಂದ ಅತ್ತೆಗೆ ಅದು ಒಗ್ಗಲಿಲ್ಲ. “ಇಲ್ಲಿ ಪ್ರಾರ್ಥನೆ ಅಂಟೋದೇ ಇಲ್ಲ ಕಣ್ರೀ. ಹೊಸ ಚರ್ಚಾಗ್ಲಿ, ನೋಡ್ತೀನಿ. ಅಲ್ಲೂ ಹಿಂಗೇ ಅಂದ್ರೆ ನಾನು ಮೈಸೂರಿಗೇ ಹೊರಟುಬಿಡ್ತೀನಿ” ಎಂದರು. ಹೆಂಡತಿಗೆ ತಾಯಿ ದೂರವಾಗುತ್ತಾರಲ್ಲ ಎಂಬುದು ನಾನು ಹೊರಗೆ ಹೇಳುತ್ತಿದ್ದ ಚಿಂತೆ. ನನಗೆ ಅವರ ಕೈಯ ಬಸ್ಸಾರು ದೂರವಾಗುತ್ತದಲ್ಲ ಎಂಬುದು ಒಳಗಿನದು.

ಚರ್ಚು ಕಟ್ಟುವುದೆಂದರೆ ದೇವರ ವಿಷಯ ಎಂದುಕೊಂಡು ಕಟ್ಟಡ ಸಮಿತಿ ಸೇರಿದ್ದೆ. ಅಲ್ಲ, ಅದು ಕಾರ್ಪೆಟ್ಟಿನ ವಿಷಯ. ಕಾರ್ಪೆಟ್ ಹಾಸಿದರೆ ಹಾಡು ಮಂಕಾಗುತ್ತದೆ. ಕಲ್ಲು ಹಾಸಿದರೆ ಮಕ್ಕಳ ಅಳು ಹಾಡನ್ನೇ ಮೀರಿಸುತ್ತದೆ. ಕುರ್ಚಿಯೋ ಬೆಂಚೋ ಎಂದು ಜಗಳವಾಡುವುದರಲ್ಲೇ ಒಂದು ಸಂಜೆ ಮುಗಿಯಿತು. ಎಲ್ಲಕ್ಕೂ ನಾನು ಸುಮ್ಮನಿದ್ದೆ. ಮಾತೆ ಮರಿಯಮ್ಮನವರ ಪ್ರತಿಮೆಯನ್ನು ಎಲ್ಲಿಡೋಣ ಎಂದು ಆರ್ಕಿಟೆಕ್ಟ್ ಕೇಳಿದಾಗ ಮಾತ್ರ ನಾಲಿಗೆ ತುರಿಸಿತು. ಪೂಜ್ಯವಾದದ್ದನ್ನು ನಮ್ಮ ಕಡೆ ತಲೆಗಿಂತ ಮೇಲಿಡುತ್ತೇವೆ ಎಂದುಬಿಟ್ಟೆ. ಸುಳ್ಳೇನಲ್ಲ. ನಮ್ಮ ಮನೆಯ ಬಾಗಿಲ ಮೇಲೆ ಯೇಸುವಿನ ಪಟ ಯಾರ ಕೈಗೂ ಸಿಗದಂತೆ, ಧೂಳು ಹಿಡಿದು, ಪೂಜ್ಯವಾಗಿಯೇ ಇತ್ತು. ಎಲ್ಲರೂ ಗಂಭೀರವಾಗಿ ಒಪ್ಪಿದರು. ಗೋಡೆಯ ತುದಿಯಲ್ಲೊಂದು ಗೂಡು, ಅದಕ್ಕೊಂದು ದೀಪ ಎಂದು ತೀರ್ಮಾನವಾಯಿತು.

ಹೆಮ್ಮೆಯಿಂದ ಅತ್ತೆಗೆ ಫೋನಿನಲ್ಲಿ ನಕ್ಷೆ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿದರು.

“ಪಾದ ಎಲ್ಲಿ ಸಿಗತ್ತೆ?”

ಆಗ ಹೊಳೆಯಿತು. ಅತ್ತೆ ಮಾತೆಯ ಪಾದ ಮುಟ್ಟಿ, ಬೆರಳನ್ನು ಕಣ್ಣಿಗೊತ್ತಿಕೊಂಡ ಮೇಲೇ ಮಾತು ಶುರು ಮಾಡುವವರು.

“ಅಷ್ಟು ಮೇಲಿಟ್ರೆ ನಾನು ಕೂಗಿ ಹೇಳ್ಕೋಬೇಕಾ? ಊರಿಗೆಲ್ಲ ಕೇಳ್ಸತ್ತೆ.”

ಮಾಡಿದ್ದುಣ್ಣೋ ಮಹಾರಾಯ. ಮುಂದಿನ ಸಭೆಗೆ ನಾನು ಪರೀಕ್ಷೆಗೆ ಹೋಗುವವನಂತೆ ಓದಿಕೊಂಡು ಹೋದೆ. ರೋಮಿನ ದೊಡ್ಡ ಚರ್ಚಿನಲ್ಲಿ ಸಂತ ಪೇತ್ರರ ಕಂಚಿನ ಪ್ರತಿಮೆಯಿದೆ. ಭಕ್ತರು ಮುಟ್ಟಿ ಮುಟ್ಟಿ ಅದರ ಪಾದದ ಬೆರಳುಗಳೇ ಸವೆದುಹೋಗಿವೆ. ಮುಟ್ಟಿದ ಹೊರತು ಸಮಾಧಾನವಿಲ್ಲದವರು ಮೈಸೂರಿನಲ್ಲಷ್ಟೇ ಇಲ್ಲ ಎಂದು ವಾದಿಸುವುದು ನನ್ನ ಯೋಜನೆ. ಪೇತ್ರರ ಹೆಬ್ಬೆರಳಿಗೆ ಬರುವಷ್ಟರಲ್ಲಿ ಫಿಲಿಪೀನ್ಸಿನ ಟೆರೆಸಾ ಆಂಟಿ ನನ್ನನ್ನು ತಡೆದರು. ಅವರೂ ಮುಟ್ಟುವವರೇ ಅಂತೆ. ಅವತ್ತೇ ಹೇಳಬೇಕೆಂದಿದ್ದರಂತೆ; ನನ್ನ ಸಂಪ್ರದಾಯಕ್ಕೆ ಅಗೌರವವಾದೀತೆಂದು ಸುಮ್ಮನಾದರಂತೆ. ಪಕ್ಕದಲ್ಲಿದ್ದ ಎಲ್ ಸಾಲ್ವಡಾರಿನವರೂ ಸಂಕೋಚದಿಂದ ಕೈಯೆತ್ತಿದರು. ನನ್ನ ಗೌರವ ಕಾಪಾಡಲು ಇಡೀ ಸಮಿತಿ ಬಾಯಿ ಕಟ್ಟಿಕೊಂಡಿತ್ತು! ಆರ್ಕಿಟೆಕ್ಟ್ ನಕ್ಕು, ಪಾದ ಸೊಂಟದ ಮಟ್ಟಕ್ಕೆ ಬರುವಂತೆ ಗೂಡನ್ನು ಕೆಳಗಿಳಿಸಿದ. ಅಬ್ಬಾ, ಅವತ್ತು ಕಾರು ಓಡಿಸುತ್ತಾ ಮನೆಯವರೆಗೂ ಶಿಳ್ಳೆ ಹಾಕಿದೆ.

ಹೊಸ ಚರ್ಚಿನ ಮೊದಲ ಭಾನುವಾರ, ನಾವು ಅಷ್ಟು ಕಾದಾಡಿದ್ದ ನೆಲವನ್ನಾಗಲಿ ಬೆಂಚನ್ನಾಗಲಿ ಅತ್ತೆ ಕಣ್ಣೆತ್ತಿಯೂ ನೋಡಲಿಲ್ಲ. ನೇರ ಹೋಗಿ ಪಾದ ಮುಟ್ಟಿದರು. ತುಟಿ ಅಲ್ಲಾಡಿತು. ಬೇಗನೆ ಬಂದು ಪಕ್ಕದಲ್ಲಿ ಕೂತರು. ಇಲ್ಲೂ ಪ್ರಾರ್ಥನೆ ಅಂಟಲಿಲ್ಲವೇನೋ ಎಂದು ಅವರ ಕಡೆ ಬಾಗಿದೆ.

“ಏನು ಕೇಳ್ಕೊಂಡ್ರಿ ಅತ್ತೆ?”

“ಕೇಳೋದು ಇದ್ದೇ ಇದೆ, ನಿಧಾನವಾಗಿ ಕೇಳಿದ್ರಾಯ್ತು. ಇನ್ಮೇಲೆ ಇಲ್ಲೇ ಇರ್ತೀನಿ ಅಂತ ಹೇಳ್ದೆ.”

ಮನೆಗೆ ಬಂದವನೇ ಸ್ಟೂಲು ಹಾಕಿಕೊಂಡು ಬಾಗಿಲ ಮೇಲಿನ ಯೇಸುವನ್ನು ಕೆಳಗಿಳಿಸಿ ಧೂಳು ಒರೆಸಿದೆ.