ನಡಿಗೆ ನೋಡಿ ಹೆಸರು ಹೇಳುವವಳು

ನಿನ್ನೆ ಬಟ್ಟೆಯ ಟ್ರಂಕು ತೆಗೆದಾಗ ಖಣದ ತುಂಡಿನಲ್ಲಿ ಹೊಲಿದ ಒಂದು ಮಾಸ್ಕ್ ಸಿಕ್ಕಿತು. ಕುಪ್ಪಸ ಹೊಲಿದು ಉಳಿದ ಬಟ್ಟೆಯಲ್ಲಿ ಅವ್ವ ಮಾಡಿದ್ದು. ಹಾಕಿಕೊಂಡರೆ ಮೂಗು ಕೆರೆಯುತ್ತಿತ್ತು. ಆದರೂ ಇಡೀ ಬೆಟಗೇರಿಯಲ್ಲಿ ನಮ್ಮ ಮನೆಯವರ ಮಾಸ್ಕಿನಷ್ಟು ಚಂದದ್ದು ಯಾರ ಹತ್ತಿರವೂ ಇರಲಿಲ್ಲವೆಂಬ ಜಂಬ ನನಗೆ ಈಗಲೂ ಇದೆ.

ಆ ದಿನಗಳು ನಿಮಗೂ ನೆನಪಿರಬೇಕು. ಅರ್ಧ ಮುಖ ಮುಚ್ಚಿದರೆ ಯಾರು ಯಾರೆಂದೇ ತಿಳಿಯುತ್ತಿರಲಿಲ್ಲ. ನಾನಂತೂ ಒಮ್ಮೆ ಕಿರಾಣಿ ಅಂಗಡಿಯ ಮುಂದೆ ಯಾರೋ ಅಪರಿಚಿತರನ್ನು ಶಿರಹಟ್ಟಿಯ ಬೀಗರೆಂದು ತಿಳಿದು ಮನೆಮಂದಿಯ ಕ್ಷೇಮವನ್ನೆಲ್ಲ ವಿಚಾರಿಸಿದ್ದೆ. ಅವರೂ ಪಾಪ, “ಎಲ್ಲಾರೂ ಆರಾಮ ಅದಾರ್ರಿ” ಎಂದು ಸಾವಧಾನವಾಗಿ ಉತ್ತರ ಕೊಟ್ಟಿದ್ದರು.

ತಮ್ಮನ ಮಗಳು ಪಲ್ಲವಿಗೆ ಮಾತ್ರ ಈ ತೊಂದರೆ ಇರಲಿಲ್ಲ. ಆಗ ಅವಳು ಒಂದನೆಯ ತರಗತಿ. ಶಾಲೆ ಮುಚ್ಚಿತ್ತು. ಬೆಳಿಗ್ಗೆ ಮೊಬೈಲಿನಲ್ಲಿ ಪಾಠ, ಮಧ್ಯಾಹ್ನ ಅದೇ ಮೊಬೈಲಿನಲ್ಲಿ ಆಟ. ಹೊರಗೆ ಬಿಡುವಂತಿಲ್ಲವಾದ್ದರಿಂದ ಸಂಜೆ ಕಿಟಕಿಯಲ್ಲಿ ಕೂತು, ಓಣಿಯ ತುದಿಯಲ್ಲಿ ಮಾಸ್ಕ್ ಹಾಕಿಕೊಂಡು ಬರುವವರ ಹೆಸರನ್ನು ಟಕ್ಕನೆ ಹೇಳುತ್ತಿದ್ದಳು.

“ಅತ್ತಿ, ಹಾಲಿನ ಕಾಕಾ ಬಂದ. ಅವನ ಹಿಂದ ಪಪ್ಪಾ.”

ಒಮ್ಮೆಯೂ ತಪ್ಪುತ್ತಿರಲಿಲ್ಲ. “ಏನ್ ಕಣ್ಣವಾ ಇವು! ಹದ್ದಿನ ಕಣ್ಣು!” ಎನ್ನುತ್ತ ಅವ್ವ ಉಪ್ಪು ನಿವಾಳಿಸಿ ದೃಷ್ಟಿ ತೆಗೆಯುತ್ತಿದ್ದಳು.

ಶಾಲೆ ತೆರೆದ ಕೆಲವೇ ದಿನಗಳಲ್ಲಿ ಟೀಚರು ಅವಳ ತಾಯಿ ಶೈಲಾಳನ್ನು ಕರೆಸಿದರು. “ನಿಮ್ಮ ಹುಡುಗಿ ಬೋರ್ಡ್ ನೋಡೂದೇ ಇಲ್ರಿ. ಬಾಜೂದಾಕಿದು ನೋಡಿ ಬರೀತಾಳ.”

ಶೈಲಾ ಮನೆಗೆ ಬಂದವಳೇ ಮಗಳನ್ನು ಗದರಿಸಿದಳು. “ಬೋರ್ಡಿನ್ಯಾಗ ಅಕ್ಷರ ಎಲ್ಲಿ ಅದಾವ ಮಮ್ಮಿ? ಬರೇ ಬೆಳ್ಳಗ ಕಾಣತೈತಿ,” ಎಂದು ಹುಡುಗಿ ಅತ್ತಳು.

“ಓಣಿ ತುದಿ ಮಂದಿ ಕಾಣ್ತಾರ, ಬೋರ್ಡ್ ಕಾಣೂದಿಲ್ಲೇನು? ಸುಳ್ಳು ಯಾವಾಗ ಕಲತಿ?”

ನನಗೆ ಕುತೂಹಲ ಬಿಡಲಿಲ್ಲ. ಅಳು ನಿಂತ ಮೇಲೆ ಹತ್ತಿರ ಕೂರಿಸಿಕೊಂಡು ಕೇಳಿದೆ: “ಪಲ್ಲೂ, ದೂರದಿಂದ ಬರೋರು ಯಾರಂತ ನಿನಗ ಹೆಂಗ ಗೊತ್ತಾಗತೈತಿ?”

“ಹಾಲಿನ ಕಾಕಾ ಒಂದ ಕಡಿ ವಾಲಿ ನಡೀತಾನ. ಪಪ್ಪಾ ಕೈ ಬೀಸೂದಿಲ್ಲ. ನೀ ಜಲ್ದಿ ಜಲ್ದಿ ಬರ್ತಿ, ಬಾತುಕೋಳಿ ಗತೆ.”

ಬಾತುಕೋಳಿಯನ್ನು ನುಂಗಿಕೊಂಡು ಮುಂದಿನದನ್ನು ಕೇಳಿದೆ. “ಮತ್ತ ಮುಖ?”

“ಮುಖ ಹತ್ರ ಬಂದ ಮ್ಯಾಲೆ ಬರ್ತೈತಲ್ಲ!”

ಎಲ್ಲರಿಗೂ ಹಾಗೆಯೇ ಎಂದು ಅವಳು ತಿಳಿದಿದ್ದಳು. ಶೈಲಾ ಮಗಳನ್ನು ತಬ್ಬಿಕೊಂಡಳು.

ಮರುದಿನವೇ ಗದುಗಿನ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ದೂರದ್ದು ಕಾಣುವುದಿಲ್ಲ, ಕನ್ನಡಕ ಬೇಕು ಎಂದರು. “ಒಳಗ ಕುಂತು ಮೊಬೈಲ್ ನೋಡಿದ್ದಕ್ಕ ಹಿಂಗಾತೇನ್ರಿ?” ಎಂದು ನಾನು ಕೇಳಿದೆ.

“ಅದೂ ಕಾರಣ ಇರಬಹುದು, ಮೊದಲಿಂದನೂ ಇದ್ದಿರಬಹುದು. ಇದಕ್ಕ ಆತು ಅಂತ ಖರೆ ಹೇಳಾಕ ಬರೂದಿಲ್ರಿ. ಇನ್ನ ಮ್ಯಾಲೆ ದಿನಾ ಹೊರಗ ಬೆಳಕಿನ್ಯಾಗ ಆಡಾಕ ಬಿಡ್ರಿ.”

ಕನ್ನಡಕ ಬಂದ ಸಂಜೆ ಅವಳನ್ನು ಬಾಗಿಲಿಗೆ ಕರೆದುಕೊಂಡು ಬಂದೆ. ಗಿರಣಿಗೆ ಹೋಗಿದ್ದ ಅವ್ವ, ಅವಳ ಆಯಿ, ಹಿಟ್ಟಿನ ಡಬ್ಬಿ ಹಿಡಿದು ಓಣಿಯ ತುದಿಯಿಂದ ಮನೆಯತ್ತ ಬರುತ್ತಿದ್ದಳು. ಮಾಸ್ಕನ್ನು ಗದ್ದದ ಕೆಳಗೆ ಇಳಿಸಿಕೊಂಡಿದ್ದಳು. ಪಲ್ಲವಿ ನನ್ನ ಸೆರಗನ್ನು ಗಟ್ಟಿಯಾಗಿ ಹಿಡಿದಳು.

“ಅತ್ತಿ, ಆಯಿ ನಗಾಕತ್ತಾಳ!”

“ಹೂಂ, ನಿನ್ನ ನೋಡೇ ನಗಾಕತ್ತಾಳ.”

“ಅಷ್ಟು ದೂರದಿಂದನ?” ಅವಳು ಕನ್ನಡಕವನ್ನು ಒಮ್ಮೆ ತೆಗೆದು ಮತ್ತೆ ಹಾಕಿಕೊಂಡು ಕೇಳಿದಳು: “ದಿನಾ ನಗ್ತಿದ್ಲೇನು?”

ಈಗ ಪಲ್ಲವಿ ದೊಡ್ಡ ತರಗತಿಗೆ ಬಂದಿದ್ದಾಳೆ. ಸಂಜೆಯಾದರೆ ಅವ್ವನೇ ಅವಳನ್ನು ಬಯಲಿಗೆ ಅಟ್ಟುತ್ತಾಳೆ. ಬದಲಾದದ್ದು ನನ್ನದೂ ಒಂದಿದೆ. ಓಣಿಯಲ್ಲಿ ಎದುರಿಗೆ ಚಿಕ್ಕ ಮಕ್ಕಳು ಬಂದರೆ ದೂರದಿಂದ ಒಮ್ಮೆ ನಕ್ಕು ಸುಮ್ಮನಾಗುವುದಿಲ್ಲ. ದೊಡ್ಡವರು ಏನು ತಿಳಿಯುತ್ತಾರೋ ತಿಳಿಯಲಿ, ಆ ಮಗು ತೀರ ಹತ್ತಿರ ಬರುವವರೆಗೂ ನಗುತ್ತಲೇ ಇರುತ್ತೇನೆ.